ಸಿಟಿಗೆ ಬಂದ ಕೋವಿಡ್ ದುಡ್ಡಿನ ಮುಂದೆಲ್ಲ ‘6.1’ ಅಂತ ಬರೆದಿದ್ದಾರೆ. ಹಾಗಂದ್ರೆ ಏನು?

ಸಂಜೆಬಸ್

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಪ್ರಶ್ನೆ. ಸ್ವಲ್ಪ ಉದ್ದ ಇದೆ, ಕಾಫಿ ಹಿಡ್ಕೊಂಡು ಓದಿ.

ನಾನಿರುವುದು ಮಿಡ್‌ವೆಸ್ಟ್‌ನ ಒಂದು ಸಣ್ಣ ಊರಲ್ಲಿ. 40 ಸಾವಿರದೊಳಗಿನ ಜನ. 2021ರ ಮಾರ್ಚ್‌ನಲ್ಲಿ ಬೈಡನ್ ಸಹಿ ಹಾಕಿದ ಕೋವಿಡ್ ಪರಿಹಾರದ ಕಾನೂನು, ಅಮೆರಿಕನ್ ರೆಸ್ಕ್ಯೂ ಪ್ಲಾನ್ ಇದೆಯಲ್ಲ, ಅದರಿಂದ ನಮ್ಮ ಸಿಟಿಗೂ 8 ಮಿಲಿಯನ್ ಡಾಲರ್ ಹತ್ತತ್ರ ಬಂತು. ಮೇನ್ ಸ್ಟ್ರೀಟ್‌ಗೆ ಮತ್ತೆ ಜೀವ ಬರುತ್ತೆ, ಸಣ್ಣ ಅಂಗಡಿಗಳಿಗೆ ಆಸರೆ ಸಿಗುತ್ತೆ ಅಂತ ಆಗ ಎಲ್ಲರೂ ಮಾತಾಡಿದ್ದೇ ಮಾತಾಡಿದ್ದು.

ಈಗ ಮೇನ್ ಸ್ಟ್ರೀಟ್‌ನಲ್ಲಿ ಹೊಸ ಬೆಂಚು ಇದೆ. ಹೊಸ ದೀಪದ ಕಂಬ ಇದೆ, ಕಂಬಕ್ಕೊಂದು ಹೂಕುಂಡ ತೂಗುತ್ತಿದೆ. ಬೆಂಚಿನ ಹಿಂದೆ ಖಾಲಿ ಅಂಗಡಿ, ಗಾಜಿಗೆ ಒಳಗಿನಿಂದ ಕಂದು ಕಾಗದ ಅಂಟಿಸಿದ್ದಾರೆ. ಅಲ್ಲೊಬ್ಬ ಟೈಲರ್ ಇದ್ದರು. ನನ್ನ ಕೋಟಿನ ತೋಳು ಎರಡು ಸಲ ಬಿಚ್ಚಿ ಹೊಲಿದುಕೊಟ್ಟು ಒಂದೇ ಸಲದ ದುಡ್ಡು ತಗೊಂಡವರು. 2022ರಲ್ಲಿ ಬಾಗಿಲು ಹಾಕಿದರು.

ಮೊನ್ನೆ ಸಿಟಿಯವರ ಖರ್ಚಿನ ವರದಿ ತೆಗೆದು ನೋಡಿದೆ. ಪ್ರತಿ ಸಾಲಿನ ಮುಂದೆ ‘6.1 ಸರ್ಕಾರಿ ಸೇವೆಗಳನ್ನು ಒದಗಿಸುವುದು’ ಅಂತ ಇದೆ. ಮೊದಲ ಸಾಲಿಂದ ಕೊನೆವರೆಗೂ ಅಷ್ಟೇ. ಸಣ್ಣ ವ್ಯಾಪಾರ ಅನ್ನುವ ಮಾತೇ ಇಲ್ಲ. ಇದು ಕಣ್ಣಿಗೆ ಮಣ್ಣೆರಚುವ ಕೆಲಸ ಅಲ್ವಾ?

ಹಳೇಲೆಡ್ಜರ್

ನಾನು ಬೇರೊಂದು ಸಿಟಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡ್ತೀನಿ. ಈ ದುಡ್ಡಿನ ಫಾರಂ ತುಂಬಿ ತುಂಬಿ ಬೆರಳು ಸವೆದಿದೆ. ಹಾಗಾಗಿ ನಾನೇ ಹೇಳ್ತೀನಿ.

6.1 ಕಳ್ಳಲೆಕ್ಕ ಅಲ್ಲ. ಆದರೆ ಅದರಿಂದ ನಿಮಗೆ ಏನೂ ಗೊತ್ತಾಗುವುದೂ ಇಲ್ಲ.

ರಾಜ್ಯ, ಕೌಂಟಿ, ಸಿಟಿ, ಬುಡಕಟ್ಟು ಸರ್ಕಾರ ಎಲ್ಲಕ್ಕೂ ಸೇರಿ ಕೊಟ್ಟದ್ದು 350 ಬಿಲಿಯನ್ ಡಾಲರ್. ಖರ್ಚು ಮಾಡಲು ಕಾನೂನಿನಲ್ಲಿ ಮೊದಲು ನಾಲ್ಕು ಬಾಗಿಲು ಇದ್ದವು. ಒಂದು, ಕೋವಿಡ್ ಮತ್ತು ಅದರಿಂದಾದ ಆರ್ಥಿಕ ಪೆಟ್ಟು. ಎರಡು, ಆ ಹೊತ್ತಲ್ಲಿ ಕೆಲಸಕ್ಕೆ ಹೋದವರಿಗೆ ಹೆಚ್ಚುವರಿ ಸಂಬಳ. ಮೂರು, ನೀರು, ಒಳಚರಂಡಿ, ಬ್ರಾಡ್‌ಬ್ಯಾಂಡ್. ನಾಲ್ಕನೆಯದು ಸಿಟಿಗೆ ಆದಾಯದಲ್ಲಿ ಖೋತಾ ಆಗಿದ್ದರೆ ಅದನ್ನು ತುಂಬಿಕೊಳ್ಳುವುದು. 6.1 ಅನ್ನುವುದು ವರದಿಯಲ್ಲಿ ಖರ್ಚಿನ ಬಗೆಗೆ ಹಾಕುವ ನಂಬರ್, ಅದು ಬರುವುದು ಈ ನಾಲ್ಕನೇ ಬಾಗಿಲಿನಿಂದ.

ಖೋತಾ ಎಷ್ಟು ಅಂತ ಲೆಕ್ಕ ಹಾಕಲು ಒಂದು ಸೂತ್ರ ಇತ್ತು. ಕೋವಿಡ್ ಬಾರದೇ ಇದ್ದಿದ್ದರೆ ಆದಾಯ ವರ್ಷಕ್ಕೆ 5.2% ಆದರೂ ಬೆಳೆಯುತ್ತಿತ್ತು ಅಂತ ಇಟ್ಟುಕೊಂಡು, ನಿಜವಾಗಿ ಬಂದದ್ದನ್ನು ಅದರಿಂದ ಕಳೆಯಬೇಕು. 2022ರ ಜನವರಿಯಲ್ಲಿ ಟ್ರೆಜರಿಯವರ, ಅಂದ್ರೆ ಫೆಡರಲ್ ಹಣಕಾಸು ಇಲಾಖೆಯವರ, ಅಂತಿಮ ನಿಯಮ ಬಂತು. ಲೆಕ್ಕ ಬೇಡ ಅನ್ನುವವರು 10 ಮಿಲಿಯನ್‌ವರೆಗೆ ಸುಮ್ನೆ ‘ಖೋತಾ’ ಅಂತ ಬರ್ಕೊಳ್ಳಿ ಅಂದರು. ನಷ್ಟ ಆಗಿದೆ ಅಂತ ತೋರಿಸುವುದೂ ಬೇಡ. ನಿಮ್ಮ ಊರಿಗೆ ಬಂದದ್ದೇ 8. ಅಲ್ಲಿಗೆ ಪೂರ್ತಿ ದುಡ್ಡು ಆ ಬಾಗಿಲಲ್ಲೇ ಹೋಯ್ತು. ಸಣ್ಣ ಊರುಗಳಲ್ಲಿ ಹೀಗೆ ಮಾಡದವರನ್ನು ಹುಡುಕಬೇಕು.

ಚೌಕಾಬಾರ

ದುಡ್ಡು ಎಲ್ಲಿಗೆ ಹೋಯ್ತು ಅಂದ್ರೆ ‘ದುಡ್ಡಿಗೆ’ ಅಂತ ಉತ್ತರ. ಚೆನ್ನಾಗಿದೆ ಸ್ವಾಮಿ.

ಅಂಗಡಿಯವರಿಗೆ ಕೊಡಿ ಅಂತ ಬಂದ ದುಡ್ಡಲ್ಲಿ ಅಂಗಡಿಯವರಿಗೆ ಕೊಡೋಕೆ ಏನು ಕಷ್ಟ?

ಹಳೇಲೆಡ್ಜರ್

ಕಷ್ಟ ಇದೆ. ಅದನ್ನೇ ಹೇಳೋಕೆ ಬಂದೆ.

ಅಂಗಡಿಯವರಿಗೆ ಕೊಡುವುದು ಮೊದಲ ಬಾಗಿಲಿಂದ. ಅಲ್ಲಿಗೆ ಬೇರೆ ನಂಬರ್‌ಗಳಿವೆ. 2.29 ಅಂದ್ರೆ ಕಷ್ಟದಲ್ಲಿದ್ದ ಸಣ್ಣ ವ್ಯಾಪಾರಕ್ಕೆ ಸಾಲ ಅಥವಾ ಸಹಾಯಧನ. 2.31 ಅಂದ್ರೆ ಅಂಗಡಿ ಕಟ್ಟಡ ರಿಪೇರಿ. 2.33 ಅಂದ್ರೆ ಮಾಲೀಕ ಸೇರಿ ಐದು ಜನ ಅಥವಾ ಅದಕ್ಕಿಂತ ಕಡಿಮೆ ಇರುವ ಪುಟ್ಟ ವ್ಯಾಪಾರ. ಈ ಬಾಗಿಲಲ್ಲಿ ಹೋದರೆ ಪ್ರತಿ ಅಂಗಡಿಗೂ ಮೂರು ಮಾತು ಬರೆದಿಡಬೇಕು. ಕೋವಿಡ್‌ನಿಂದ ಏನು ಪೆಟ್ಟಾಯ್ತು, ನಾವು ಕೊಟ್ಟದ್ದು ಆ ಪೆಟ್ಟಿಗೆ ಮದ್ದು ಹೇಗೆ, ಪೆಟ್ಟಿಗಿಂತ ಮದ್ದು ಜಾಸ್ತಿ ಆಗಿಲ್ಲ ತಾನೇ. ಜೊತೆಗೆ ಕಾಗದ.

ಇನ್ನೂ ಒಂದು ತಮಾಷೆ ಇದೆ. ಊರಿಗೆ ಹೊಸ ಕಂಪನಿ ಕರೆತರುವುದು, ಒಟ್ಟಾರೆ ವ್ಯಾಪಾರದ ವಾತಾವರಣ ಸುಧಾರಿಸುವುದು, ಅಂದ್ರೆ ನಾವೆಲ್ಲ ‘ಆರ್ಥಿಕ ಅಭಿವೃದ್ಧಿ’ ಅನ್ನುವ ಮಾಮೂಲಿ ಕೆಲಸ ಇದೆಯಲ್ಲ, ಅದು ಮೊದಲ ಬಾಗಿಲಲ್ಲಿ ನಡೆಯುವುದಿಲ್ಲ ಅಂತ ಟ್ರೆಜರಿಯವರು ಬರೆದೇ ಬಿಟ್ಟಿದ್ದಾರೆ. ಅದು ಕೋವಿಡ್ ಪೆಟ್ಟಿಗೆ ಉತ್ತರ ಅಲ್ಲ ಅಂತ ಅವರ ವಾದ. ಅದೇ ಕೆಲಸ ನಾಲ್ಕನೇ ಬಾಗಿಲಲ್ಲಿ ಆರಾಮಾಗಿ ನಡೆಯುತ್ತೆ. ಹಾಗಾಗಿ ಅಂಗಡಿಯವರಿಗೆ ಕೊಡಬೇಕು ಅನ್ನುವ ಸಿಟಿಯೂ 6.1 ಅಂತಲೇ ಬರೆಯುತ್ತೆ. ಅಗ್ನಿಶಾಮಕ ದಳದ ಟ್ರಕ್ ತಗೊಂಡ ಸಿಟಿಯೂ 6.1. ನಂಬರ್ ನೋಡಿ ಬೈಯೋಕೂ ಆಗಲ್ಲ, ಹೊಗಳೋಕೂ ಆಗಲ್ಲ.

ಒಗ್ಗರಣೆ

ನಾನು ಆ ಮೊದಲ ಬಾಗಿಲಲ್ಲಿ ನಿಂತವಳು. ನನ್ನ ಕಥೆ ಕೇಳಿ.

ನಮ್ಮದು ಸಣ್ಣ ರೆಸ್ಟೋರೆಂಟ್, ಎಂಟು ಟೇಬಲ್. 2019ರ ನವೆಂಬರ್‌ನಲ್ಲಿ ಶುರು ಮಾಡಿದೆವು. ನಾಲ್ಕು ತಿಂಗಳಿಗೆ ಎಲ್ಲ ಬಂದ್. ಮೊದಲು ಫೆಡರಲ್ ಸರ್ಕಾರದ ರೆಸ್ಟೋರೆಂಟ್ ಫಂಡ್‌ಗೆ ಹಾಕಿದೆವು. ಅದೂ ಇದೇ ರೆಸ್ಕ್ಯೂ ಪ್ಲಾನ್‌ನದ್ದೇ, 28.6 ಬಿಲಿಯನ್. 2021ರ ಮೇ 3ಕ್ಕೆ ತೆರೆದರು. 2 ಲಕ್ಷ 78 ಸಾವಿರಕ್ಕೂ ಹೆಚ್ಚು ಅರ್ಜಿ ಬಿದ್ದವು, ಸಿಕ್ಕಿದ್ದು ಸುಮಾರು 1 ಲಕ್ಷ ಜನಕ್ಕೆ. ನಮ್ಮ ಸರದಿ ಬರುವ ಹೊತ್ತಿಗೆ ಪಾತ್ರೆ ಖಾಲಿ.

ಆಮೇಲೆ ನಮ್ಮ ಸಿಟಿಯವರು ತಮ್ಮ ಪಾಲಿನ ದುಡ್ಡಲ್ಲಿ 10 ಸಾವಿರ ಡಾಲರ್ ಸಹಾಯಧನ ಅಂದರು. ಫಾರಂ ನೋಡಿ. 2019ರ ತೆರಿಗೆ ಪತ್ರ, 2020ರ ತೆರಿಗೆ ಪತ್ರ, ಬಾಡಿಗೆ ಕರಾರು, ಲೈಸೆನ್ಸ್, ಬ್ಯಾಂಕ್ ಪತ್ರ. ಎಲ್ಲ ಕೊಟ್ಟೆ. ಮೂರು ವಾರ ಬಿಟ್ಟು ಒಂದು ಇಮೇಲ್ ಬಂತು. ನಿಮ್ಮ ವ್ಯಾಪಾರ 2019ಕ್ಕಿಂತ 2020ರಲ್ಲಿ ಜಾಸ್ತಿ ಆಗಿದೆ, ಆದ್ದರಿಂದ ನಿಮಗೆ ನಷ್ಟ ಆಗಿಲ್ಲ ಅಂತ. ಅಯ್ಯೋ, 2019ರಲ್ಲಿ ನಾವು ಅಂಗಡಿ ತೆರೆದಿದ್ದೇ ಎರಡು ತಿಂಗಳು! ಎರಡು ತಿಂಗಳನ್ನು ಹನ್ನೆರಡು ತಿಂಗಳಿಗೆ ಹೋಲಿಸಿದ್ದರು. ಫೋನ್ ಮಾಡಿದರೆ ‘ಸಿಸ್ಟಮ್ ಹಾಗೆ ಲೆಕ್ಕ ಹಾಕುತ್ತೆ’ ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಕೊನೆಗೆ ಅಲ್ಲೇ ಕೆಲಸ ಮಾಡುವ ಒಬ್ಬ ಹೆಂಗಸು ತಿಂಗಳ ಸರಾಸರಿ ಹಾಕಿ ನೋಡಿ ಅಂತ ಮೇಲಿನವರಿಗೆ ಬರೆದರು. ದುಡ್ಡು ಬಂತು. ಬಾಕಿ ಬಾಡಿಗೆಗೆ ಅರ್ಧ, ಒಲೆ ಮೇಲಿನ ಹೊಗೆಗೂಡು ರಿಪೇರಿಗೆ ಅರ್ಧ.

ಇಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಜನವರಿಯಲ್ಲಿ ಅಂಚೆಯಲ್ಲಿ ಒಂದು ಕಾಗದ, 1099-ಜಿ. ನೀವು ತಗೊಂಡ 10 ಸಾವಿರ ಆದಾಯ, ತೆರಿಗೆ ಕಟ್ಟಿ. ಆ ರೆಸ್ಟೋರೆಂಟ್ ಫಂಡ್ ದುಡ್ಡಿಗೆ ತೆರಿಗೆ ಇರಲಿಲ್ಲ, ಸಿಟಿ ಕೊಟ್ಟದ್ದಕ್ಕೆ ಇತ್ತು. ಮೊದಲೇ ಯಾರೂ ಹೇಳಿರಲಿಲ್ಲ. ನಾನು ಅಷ್ಟು ಹೊತ್ತಿಗೆ ಎಲ್ಲ ಖರ್ಚು ಮಾಡಿ ಕೂತಿದ್ದೆ.

ಸಂಜೆಬಸ್

ಒಗ್ಗರಣೆ, ಎರಡು ತಿಂಗಳಿನ ಲೆಕ್ಕ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆ ಹೆಂಗಸು ಇಲ್ಲದೇ ಇದ್ದಿದ್ದರೆ?

ಒಗ್ಗರಣೆ

ಇಲ್ಲದೇ ಇದ್ದಿದ್ದರೆ ಇವತ್ತು ನಿಮ್ಮ ಜೊತೆ ಸೇರಿ ನಾನೂ ಬೈಯುತ್ತಿದ್ದೆ. ಈಗ ಅರ್ಧ ಬೈಗುಳ ಮಾತ್ರ ನನ್ನದು.

ಚೌಕಾಬಾರ

ಅದಕ್ಕೇ ನಾನು ಹೇಳೋದು. ಈ ಅರ್ಜಿ, ಸಮಿತಿ, ಸಿಸ್ಟಮ್ ಎಲ್ಲ ಬಿಟ್ಟು ಜನರ ಕೈಗೆ ದುಡ್ಡು ಕೊಡಿ. ಶಿಕಾಗೋದವರು ಮಾಡಲಿಲ್ವಾ? 5,000 ಜನಕ್ಕೆ ತಿಂಗಳಿಗೆ 500 ಡಾಲರ್, 12 ತಿಂಗಳು. 31.5 ಮಿಲಿಯನ್‌ನಲ್ಲಿ 30 ನೇರ ಜನರ ಕೈಗೆ. ಜನ ಆ ದುಡ್ಡನ್ನು ಎಲ್ಲಿ ಖರ್ಚು ಮಾಡ್ತಾರೆ? ಪಕ್ಕದ ಅಂಗಡಿಯಲ್ಲೇ ತಾನೇ.

ಕ್ಲೀವ್‌ಲ್ಯಾಂಡ್‌ಚಳಿ

ಶಿಕಾಗೋದ್ದು ಹೇಳುವಾಗ ಪೂರ್ತಿ ಹೇಳಿ. 5,000 ಜಾಗಕ್ಕೆ 1 ಲಕ್ಷ 76 ಸಾವಿರ ಅರ್ಜಿ ಬಂದವು. ಲಾಟರಿ ಎತ್ತಿದರು. ಆ ಸಿಟಿಗೆ ಬಂದದ್ದು 1.9 ಬಿಲಿಯನ್ ಹತ್ತಿರ. ಅದರಲ್ಲಿ 31.5 ಮಿಲಿಯನ್ ಅಂದ್ರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ನಮ್ಮ ಕ್ಲೀವ್‌ಲ್ಯಾಂಡ್ ಕಥೆ ಹೇಳ್ತೀನಿ. ಇದು ಯಾಕೋ ಯಾರ ಬಾಯಲ್ಲೂ ಬರಲ್ಲ.

ಮೊದಲು ಎಷ್ಟು ಬಂತು ನೋಡಿ. ಒಹಾಯೋದಲ್ಲಿ ದೊಡ್ಡ ಸಿಟಿ ಕೊಲಂಬಸ್, 9 ಲಕ್ಷ ಜನ. ಅವರಿಗೆ ಬಂದದ್ದು 187 ಮಿಲಿಯನ್. ನಮ್ಮಲ್ಲಿ ಇರುವುದು 3 ಲಕ್ಷ 72 ಸಾವಿರ ಜನ. ನಮಗೆ ಬಂದದ್ದು 511 ಮಿಲಿಯನ್! ಯಾಕೆ ಅಂತೀರಾ? ದೊಡ್ಡ ಸಿಟಿಗಳ ಪಾಲು ಹಂಚಲು ಹಳೇ ಸೂತ್ರವನ್ನೇ ಎತ್ಕೊಂಡರು. ಎಪ್ಪತ್ತರ ದಶಕದಿಂದ ಇರುವ ಬ್ಲಾಕ್ ಗ್ರ್ಯಾಂಟ್, ಅಂದ್ರೆ ಊರುಗಳ ಅಭಿವೃದ್ಧಿಗೆ ಫೆಡರಲ್ ಸರ್ಕಾರ ಕೊಡುವ ಅನುದಾನ, ಅದರ ಸೂತ್ರ. ಅದರ ಒಂದು ಬಗೆಯಲ್ಲಿ ಅರ್ಧ ತೂಕ 1940ಕ್ಕಿಂತ ಮೊದಲು ಕಟ್ಟಿದ ಮನೆಗಳಿಗೆ. 30% ಬಡತನಕ್ಕೆ. ಉಳಿದ 20% ಏನಕ್ಕೆ ಗೊತ್ತಾ? ಬೇರೆ ಊರುಗಳಷ್ಟು ಬೆಳೆಯದೇ ಹಿಂದೆ ಬಿದ್ದದ್ದಕ್ಕೆ. ಫೇಲಾದವನಿಗೂ ಮಾರ್ಕ್ಸು. ಕೋವಿಡ್ ಯಾವ ಊರಿಗೆ ಎಷ್ಟು ಹೊಡೀತು ಅನ್ನುವುದು ಆ ಸೂತ್ರದಲ್ಲಿ ಎಲ್ಲೂ ಇಲ್ಲ. ನಮಗೆ ಲಾಭ ಆಯ್ತು, ನಾನು ದೂರಲ್ಲ. ಆದರೆ ಕೊಲಂಬಸ್‌ನವರು ದೂರಿದರೆ ತಪ್ಪಿಲ್ಲ.

ಇನ್ನು ಖರ್ಚು. ಇಲ್ಲಿ ಮೇಯರ್ ಜಸ್ಟಿನ್ ಬಿಬ್ 50 ಮಿಲಿಯನ್ ತೆಗೆದು ಹಾಳು ಬಿದ್ದ ಕಾರ್ಖಾನೆ ಜಾಗಗಳಿಗೆ ಇಟ್ಟರು. ಕಟ್ಟಡ ಕೆಡವುವುದು, ಮಣ್ಣಲ್ಲಿ ಕೂತ ವಿಷ ತೆಗೆಯುವುದು, ಹರಿದು ಹಂಚಿಹೋದ ಜಾಗ ಒಟ್ಟು ಮಾಡುವುದು. 1,000 ಎಕರೆ ರೆಡಿ ಮಾಡಬೇಕು ಅನ್ನುವುದು ಗುರಿ. ಇನ್ನೊಂದು 20 ಮಿಲಿಯನ್ ಡಿಜಿಟಲ್‌ಸಿ ಅನ್ನುವ ಲಾಭರಹಿತ ಸಂಸ್ಥೆಗೆ, ಮನೆಗೆ ತಿಂಗಳಿಗೆ 18 ಡಾಲರ್‌ಗೆ ಇಂಟರ್ನೆಟ್ ಕೊಡಲು.

ಈ ಜಾಗದ ಕೆಲಸ ನೋಡೋಕೆ ಚೆಂದ ಇರಲ್ಲ. ರಿಬ್ಬನ್ ಕಟ್ ಮಾಡೋಕೆ ಏನೂ ಇಲ್ಲ, ಬರೀ ಕೆಂಪು ಮಣ್ಣು ಮತ್ತು ತಂತಿ ಬೇಲಿ. ನಾನು ದಿನಾ ಬಸ್ಸಲ್ಲಿ ಹೋಗುವಾಗ ಅಂಥದ್ದೊಂದು ಜಾಗ ಸಿಗುತ್ತೆ. ಆದರೆ ಕಂಪನಿಯವರು ಬಂದು ಕೇಳುವ ಮೊದಲ ಪ್ರಶ್ನೆಯೇ ‘ಜಾಗ ಎಲ್ಲಿ’ ಅಂತ. ಹೊರವಲಯದಲ್ಲಿ ಹಸಿರು ಹೊಲ ಸಿಕ್ಕರೆ ಅವರು ಅಲ್ಲಿಗೆ ಹೋಗ್ತಾರೆ, ಸಿಟಿ ಒಳಗಿನ ಬಡವರಿಗೆ ಆ ಕೆಲಸಕ್ಕೆ ಹೋಗೋಕೆ ಕಾರಿಲ್ಲ. ಒಂದೇ ಸಲ ಬರುವ ದುಡ್ಡನ್ನು ಒಂದೇ ಸಲ ಮಾಡುವ ಕೆಲಸಕ್ಕೆ ಹಾಕಬೇಕು. ಅಂಗಡಿಗೆ 10 ಸಾವಿರ ಕೊಟ್ಟರೆ ಮೂರು ತಿಂಗಳ ಬಾಡಿಗೆ ಆಯ್ತು, ಆಮೇಲೆ?

ಒಗ್ಗರಣೆ

ಆಮೇಲೆ ನಾನು ಇವತ್ತಿಗೂ ಅಂಗಡಿ ನಡೆಸ್ತಾ ಇದ್ದೀನಿ. ನಾಲ್ಕು ಜನಕ್ಕೆ ಕೆಲಸ ಕೊಟ್ಟಿದ್ದೀನಿ. ನಿಮ್ಮ ಬೇಲಿ ಒಳಗೆ ಎಷ್ಟು ಜನ ಇದ್ದಾರೆ?

ಕ್ಲೀವ್‌ಲ್ಯಾಂಡ್‌ಚಳಿ

ಈಗಲೇ ಕೇಳಿದರೆ ನಾನು ಸೋತೆ. ಹತ್ತು ವರ್ಷ ಬಿಟ್ಟು ಕೇಳಿ.

ಹಳೇಲೆಡ್ಜರ್

ನೀವಿಬ್ಬರೂ ಯಾವುದು ಒಳ್ಳೇದು ಅಂತ ಮಾತಾಡ್ತಿದ್ದೀರಿ. ನಾನು ನೋಡಿದ ಸಿಟಿಗಳಲ್ಲಿ ಆ ಮಾತು ನಡೆದದ್ದು ಮೊದಲ ಆರು ತಿಂಗಳು ಮಾತ್ರ. ಆಮೇಲೆ ನಡೆದದ್ದೆಲ್ಲ ಕ್ಯಾಲೆಂಡರ್ ಮಾತು.

ದುಡ್ಡನ್ನು 2024ರ ಡಿಸೆಂಬರ್ 31ರೊಳಗೆ ‘ಬದ್ಧ’ ಮಾಡಬೇಕಿತ್ತು. ಖರ್ಚು ಮುಗಿಸಲು 2026ರ ಡಿಸೆಂಬರ್ 31. ಬದ್ಧ ಅಂದ್ರೆ ಕೌನ್ಸಿಲ್‌ನಲ್ಲಿ ಕೈ ಎತ್ತಿದರೆ ಸಾಲದು. ಬಜೆಟ್‌ನಲ್ಲಿ ಬರೆದರೂ ಸಾಲದು. ಕರಾರಿಗೆ ಸಹಿ ಬೀಳಬೇಕು, ಇಲ್ಲ ಖರೀದಿ ಆರ್ಡರ್ ಹೋಗಿರಬೇಕು. ಇಲ್ಲದಿದ್ದರೆ ದುಡ್ಡು ವಾಪಸ್ ವಾಷಿಂಗ್‌ಟನ್‌ಗೆ. ಯಾವ ಮೇಯರ್‌ಗೂ ಆ ಸುದ್ದಿ ಪೇಪರಲ್ಲಿ ಬರುವುದು ಬೇಡ.

ಈಗ ನೀವೇ ನನ್ನ ಕುರ್ಚಿಯಲ್ಲಿ ಕೂತ್ಕೊಳ್ಳಿ. ಟೇಬಲ್ ಮೇಲೆ ಎರಡು ಫೈಲ್ ಇವೆ. ಒಂದು, 1 ಮಿಲಿಯನ್‌ಗೆ ಅಗ್ನಿಶಾಮಕ ಟ್ರಕ್. ಒಂದು ಆರ್ಡರ್, ಒಂದು ಸಹಿ. ಇನ್ನೊಂದು, ಅದೇ 1 ಮಿಲಿಯನ್‌ನ್ನು 200 ಅಂಗಡಿಗಳಿಗೆ 5 ಸಾವಿರದಂತೆ. ಅಂದ್ರೆ 200 ಫೈಲ್. ಪ್ರತಿಯೊಂದರಲ್ಲೂ ಒಗ್ಗರಣೆಯವರ ಥರ ಒಂದು ‘2019ರ ನವೆಂಬರ್’ ಕೂತಿರುತ್ತೆ. ಕೆಲಸ ಮಾಡುವವರು ಇಬ್ಬರು. ಅದರಲ್ಲೊಬ್ಬರು ಹೆರಿಗೆ ರಜೆಯಲ್ಲಿ. 2024ರ ನವೆಂಬರ್‌ನಲ್ಲಿ ಯಾವ ಫೈಲ್ ಕೈಗೆತ್ಕೊಳ್ತೀರಿ?

ಸಾಲ ಕೊಡೋಣ ಅಂದ್ರೂ ಆಗಲ್ಲ. 2026 ದಾಟಿ ತೀರುವ ಸಾಲ ಆದರೆ ಪೂರ್ತಿ ಅಸಲನ್ನು ಈ ದುಡ್ಡಿಗೆ ಬರೆಯುವ ಹಾಗಿಲ್ಲ, ಸಾಲದಲ್ಲಿ ಮುಳುಗಬಹುದಾದ ಪಾಲು ಎಷ್ಟು ಅಂತ ಅಂದಾಜು ಹಾಕಿ ಅಷ್ಟನ್ನು ಮಾತ್ರ ಬರೆಯಬೇಕು. ಸಣ್ಣ ಸಿಟಿಯಲ್ಲಿ ಆ ಲೆಕ್ಕ ಗೊತ್ತಿರುವವರು ಯಾರೂ ಇರಲ್ಲ.

ಹಾಗಾಗಿ ಕೆಟ್ಟ ಮನಸ್ಸೇ ಬೇಕು ಅಂತಿಲ್ಲ. ಕಾಗದ ಯಾರದ್ದು ರೆಡಿ ಇತ್ತೋ ಅವರ ಕಡೆಗೆ ದುಡ್ಡು ಹರಿಯಿತು. ನಕ್ಷೆ ರೆಡಿ ಇದ್ದ ರಸ್ತೆ, ಕೊಟೇಶನ್ ರೆಡಿ ಇದ್ದ ಟ್ರಕ್, ವಕೀಲರಿದ್ದ ಡೆವಲಪರ್. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ತೂರೋಕೆ ಮೊರ ಇದ್ದವರು ತೂರಿಕೊಂಡರು.

ಚೆನ್ನಾಗಿ ಮಾಡಿದ ಕಡೆಯೂ ಇದೆ. ಅಲ್ಲಿ ಮೊದಲ ವರ್ಷವೇ ಒಂದಿಷ್ಟು ದುಡ್ಡು ತೆಗೆದು ಊರಿನ ಸಣ್ಣ ಸಾಲ ಸಂಸ್ಥೆಗೋ ವ್ಯಾಪಾರಿಗಳ ಸಂಘಕ್ಕೋ ಕೊಟ್ಟು, ನೀವು ಮನೆಮನೆಗೆ ಹೋಗಿ ಫಾರಂ ತುಂಬಿಸಿ ಅಂದರು. ಆ ಖರ್ಚಿಗೂ ನಿಯಮದಲ್ಲಿ ಜಾಗ ಇತ್ತು. ಫಾರಂ ತುಂಬಿಸುವವರಿಗೆ ಸಂಬಳ ಕೊಡುವುದು ದಂಡ ಅಂತ ಕೌನ್ಸಿಲ್‌ನವರಿಗೆ ಅನ್ನಿಸುತ್ತೆ. ನನಗೆ ಕೇಳಿದರೆ ಅದೇ ಎಲ್ಲಕ್ಕಿಂತ ಒಳ್ಳೇ ಖರ್ಚು.

ಸಂಜೆಬಸ್

ಸರಿ. ಹಾಗಾದ್ರೆ ನಮ್ಮೂರಲ್ಲಿ ನಿಜವಾಗಿ ಏನಾಯ್ತು ಅಂತ ಹೇಗೆ ಹುಡುಕಲಿ? 6.1 ಬಾಯಿ ಬಿಡಲ್ಲ ಅಂದಿರಿ.

ಹಳೇಲೆಡ್ಜರ್

ಆ ವರದಿ ಬಿಡಿ. ಸಿಟಿಯ ಆಡಿಟ್ ಆದ ವಾರ್ಷಿಕ ಲೆಕ್ಕ ತೆಗೀರಿ, 2020ರಿಂದ 2024ರವರೆಗೆ. 6.1ರಲ್ಲಿ ಸಾಮಾನ್ಯವಾಗಿ ಮಾಡುವುದು ಹೀಗೆ: ಕೋವಿಡ್ ದುಡ್ಡಲ್ಲಿ ಪೊಲೀಸರ, ಅಗ್ನಿಶಾಮಕದವರ ಸಂಬಳ ಕೊಡುತ್ತಾರೆ. ಸಂಬಳಕ್ಕೆ ಕಾಗದ ಸುಲಭ. ಆ ಸಂಬಳಕ್ಕೆ ಅಂತ ಇಟ್ಟಿದ್ದ ಸಿಟಿಯ ಸ್ವಂತ ದುಡ್ಡು ಉಳಿಯುತ್ತಲ್ಲ, ಅದಕ್ಕೆ ಗಡುವೂ ಇಲ್ಲ, ಫೆಡರಲ್ ನಿಯಮವೂ ಇಲ್ಲ. ಇದು ಕಾನೂನಿಗೆ ವಿರುದ್ಧ ಅಲ್ಲ. ಜನರಲ್ ಫಂಡ್‌ನಲ್ಲಿ, ಅಂದ್ರೆ ಸಿಟಿಯ ಮಾಮೂಲಿ ಖರ್ಚಿನ ಖಾತೆಯಲ್ಲಿ, ‘ವರ್ಗಾವಣೆ’ ಅನ್ನುವ ಸಾಲು ನೋಡಿ. ಯಾವ ವರ್ಷ ಅದು ಏಕಾಏಕಿ ಉಬ್ಬಿದೆಯೋ, ಅಲ್ಲಿಂದ ಆ ದುಡ್ಡು ಯಾವ ಫಂಡ್‌ಗೆ ಹೋಗಿದೆಯೋ, ಅದೇ ನಿಮ್ಮ ಉತ್ತರ. ಸಭೆಯಲ್ಲಿ ‘6.1 ಯಾಕೆ’ ಅಂತ ಕೇಳಬೇಡಿ. ‘ಉಳಿದ ಸಂಬಳದ ದುಡ್ಡು ಎಲ್ಲಿ’ ಅಂತ ಕೇಳಿ.

ಸಂಜೆಬಸ್

ಎರಡು ವಾರ ಆದಮೇಲೆ ಬರ್ತಾ ಇದ್ದೀನಿ. ಲೆಡ್ಜರ್ ಸರ್, ನೀವು ಹೇಳಿದ ಹಾಗೇ ಆಯ್ತು.

ಮಂಗಳವಾರ ರಾತ್ರಿ ಕೌನ್ಸಿಲ್ ಸಭೆಗೆ ಹೋದೆ. ನನ್ನ ಬಿಟ್ಟು ಆರು ಜನ ಇದ್ದರು, ಅದರಲ್ಲಿ ಮೂವರು ನಾಯಿ ಬೊಗಳುವ ದೂರಿಗೆ ಬಂದವರು. ಮೂರು ನಿಮಿಷ ಕೊಟ್ಟರು. ‘ಉಳಿದ ಸಂಬಳದ ದುಡ್ಡು ಎಲ್ಲಿ’ ಅಂತ ಕೇಳಿದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಲೆಕ್ಕದ ಅಧಿಕಾರಿ, ಪಾಪ ಒಳ್ಳೇ ಮನುಷ್ಯ, ಸಭೆ ಮುಗಿದ ಮೇಲೆ ಹೊರಗೆ ಬಂದು ಒಂದು ಹಾಳೆ ಕೊಟ್ಟರು.

ಕೋವಿಡ್ ದುಡ್ಡೆಲ್ಲ ಎರಡು ವರ್ಷದ ಅಗ್ನಿಶಾಮಕದವರ ಸಂಬಳಕ್ಕೆ. ಉಳಿದ ಸ್ವಂತ ದುಡ್ಡು ಕಾಮಗಾರಿ ಫಂಡ್‌ಗೆ. ಅಲ್ಲಿಂದ ಊರಾಚೆಯ ಹಳೇ ಬಿಡಿಭಾಗದ ಕಾರ್ಖಾನೆ ಜಾಗ ಕೊಂಡಿದ್ದಾರೆ, ಕಟ್ಟಡ ಕೆಡವಿದ್ದಾರೆ. ಕ್ಲೀವ್‌ಲ್ಯಾಂಡ್‌ಚಳಿ, ನಿಮ್ಮ ಬೇಲಿ ನಮ್ಮಲ್ಲೂ ಇದೆ! ಮತ್ತೆ ಆ ಬೆಂಚು, ದೀಪದ ಕಂಬ, ಹೂಕುಂಡ? ಅದು ಈ ದುಡ್ಡೇ ಅಲ್ಲವಂತೆ. ಕೋವಿಡ್‌ಗೂ ಮೊದಲೇ ರಾಜ್ಯದಿಂದ ಮಂಜೂರಾದ ರಸ್ತೆ ಕೆಲಸದ್ದು. ನಾಲ್ಕು ವರ್ಷ ಬೆಂಚಿಗೆ ಸುಮ್ನೆ ಬೈದೆ.

ಸಣ್ಣ ವ್ಯಾಪಾರಕ್ಕೆ ಅಂತ ಮೊದಲು ಸ್ವಲ್ಪ ಇಟ್ಟಿದ್ದು ನಿಜವಂತೆ. ಬಂದ ಅರ್ಜಿಗಳಲ್ಲಿ ಹೆಚ್ಚಿನವು ಕಾಗದ ಸಾಲದೆ ಬಿದ್ದವು, ದುಡ್ಡು ವಾಪಸ್ ಸಂಬಳಕ್ಕೆ ಹೋಯ್ತು. ನೋಟಿಸ್ ಹಾಕಿದ್ದು ಎಲ್ಲಿ ಗೊತ್ತಾ? ನೀರಿನ ಬಿಲ್ ಜೊತೆಗಿನ ಹಳದಿ ಚೀಟಿಯಲ್ಲಿ. ಬಾಡಿಗೆ ಅಂಗಡಿಯವರಿಗೆ ನೀರಿನ ಬಿಲ್ಲೇ ಬರಲ್ಲ, ಅದು ಮಾಲೀಕನಿಗೆ ಹೋಗುತ್ತೆ.

ಒಗ್ಗರಣೆ

ಆ ಟೈಲರ್ ಎಲ್ಲಿದ್ದಾರೆ ಈಗ? ಅವರಿಗೆ ಆ ಚೀಟಿ ಸಿಕ್ಕಿತ್ತಾ?

ಸಂಜೆಬಸ್

ಹುಡುಕಿಕೊಂಡು ಹೋಗಿದ್ದೆ. ಹೈವೇ ಪಕ್ಕದ ಡ್ರೈಕ್ಲೀನಿಂಗ್ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕೂತು ಹೊಲೀತಾರೆ. ಚೀಟಿ ಸಿಕ್ಕಿರಲಿಲ್ಲ. ಆದರೆ ಸಿಕ್ಕಿದ್ದರೆ ಅಂಗಡಿ ಉಳೀತಿತ್ತಾ ಅಂತ ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದರು. ಹತ್ತು ಸಾವಿರ ಬಂದಿದ್ದರೆ ಇನ್ನಾರು ತಿಂಗಳು ತಳ್ತಿದ್ದೆ ಅಷ್ಟೇ, ಜನ ಆಫೀಸಿಗೇ ಹೋಗಲ್ಲ, ಪ್ಯಾಂಟ್ ಯಾರು ಉದ್ದ ಕಮ್ಮಿ ಮಾಡಿಸ್ತಾರೆ ಅಂದರು. ಆಮೇಲೆ ನನ್ನ ಕೋಟಿನ ತೋಳು ಮುಟ್ಟಿ ನೋಡಿ, ಇದು ನಾನೇ ಹೊಲಿದದ್ದು ಅಲ್ವಾ ಅಂದರು.

ಒಗ್ಗರಣೆಗೆ ಆ 10 ಸಾವಿರ ಕೆಲಸಕ್ಕೆ ಬಂತು, ಯಾಕಂದ್ರೆ ಜನ ಊಟಕ್ಕೆ ಮತ್ತೆ ಬಂದರು. ಇವರ ಗಿರಾಕಿಗಳು ಬರಲೇ ಇಲ್ಲ. ಹಾಗಿದ್ದರೆ ಆ ಕಾರ್ಖಾನೆ ಜಾಗ ಕೊಂಡದ್ದೇ ಸರಿಯಾ? ಇನ್ನೂ ಯೋಚಿಸ್ತಾ ಇದ್ದೀನಿ.

ಚೌಕಾಬಾರ

ಜಾಗ ಯಾರಿಗೆ, ಯಾವ ರೇಟಿಗೆ ಕೊಡ್ತಾರೆ ಅನ್ನೋದು ನೋಡದೆ ಯೋಚಿಸಬೇಡಿ. ಎಕರೆಗೆ 1 ಡಾಲರ್‌ಗೆ ಗೋದಾಮಿನವರಿಗೆ ಬರೆದುಕೊಟ್ಟರೆ ಮತ್ತೆ ಇಲ್ಲೇ ಬಂದು ಅಳ್ತೀರಿ.

ಹಳೇಲೆಡ್ಜರ್

ಚೌಕಾಬಾರ ಸರಿಯಾದ ಮಾತು ಹೇಳಿದ್ದು ಇದೇ ಮೊದಲು. ಸ್ವಂತ ದುಡ್ಡಲ್ಲಿ ಕೊಂಡ ಜಾಗ ಆದ್ದರಿಂದ ಟ್ರೆಜರಿಯವರು ಕೇಳಲ್ಲ, ಊರವರೇ ಕೇಳಬೇಕು. ಎಷ್ಟು ಜನಕ್ಕೆ ಕೆಲಸ, ಎಷ್ಟು ವರ್ಷದೊಳಗೆ, ಕೊಡದಿದ್ದರೆ ಜಾಗ ವಾಪಸ್ ಬರುತ್ತಾ, ಈ ಮೂರು ಕರಾರಲ್ಲಿ ಇದೆಯಾ ನೋಡಿ.

ಸಂಜೆಬಸ್

ಮುಂದಿನ ತಿಂಗಳು ಅದರ ವಿಷಯ ಸಭೆಗೆ ಬರುತ್ತಂತೆ. ಕರಾರಿನ ಕರಡು ಕೇಳಿ ಅರ್ಜಿ ಹಾಕಿದ್ದೀನಿ. ಸಿಕ್ಕ ತಕ್ಷಣ ಇಲ್ಲೇ ಹಾಕ್ತೀನಿ, ಲೆಡ್ಜರ್ ಸರ್ ಓದಿ ಹೇಳಬೇಕು.